ಹಾಲಿನ ಡೈರಿಯೂ ಕಲಾವಿದರ ಸಂಘವೂ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಊರಿಂದ ಫೋನು ಬಂತು. ರಾತ್ರಿ ಒಂಬತ್ತರ ಮೇಲೆ ಊರಿನ ನಂಬರು ಕಂಡ್ರೆ ಎದೆ ಒಂದ್ಸಲ ಧಸಕ್ಕಂತದೆ. ಈ ಸಲ ಸಾವೂ ಅಲ್ಲ, ಆಸ್ಪತ್ರೆಯೂ ಅಲ್ಲ. ಫೋನು ಮಾಡಿದ್ದು ನಮ್ಮೂರಿನ ಬೋರ್ಡು ಬರೆಯೋ ಅಣ್ಣ.

"ಜಿಲ್ಲಾ ಕೇಂದ್ರದಲ್ಲಿ ಕಲಾವಿದರ ಸಂಘ ಅಂತ ಒಂದಿದೆಯಂತೆ ಕಣೋ. ಸೇರ್ಕೋ ಅಂತ ಡ್ರಾಯಿಂಗ್ ಮೇಷ್ಟ್ರು ಹೇಳ್ತಾವ್ರೆ. ಸೇರೋಕೆ ಸಾವಿರ, ಆಮೇಲೆ ವರ್ಷಕ್ಕೆ ಐನೂರು. ಸೇರಿದ್ರೆ ನಂಗೇನು ಲಾಭ? ನೀನು ಓದಿದವನು, ಹೇಳು."

ಈ ಅಣ್ಣನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಸ್ಕೂಲಿಗೆ ಹೋಗುವಾಗ ನಮ್ಮ ಹೋಬಳಿಯಲ್ಲಿ ಯಾವ ಅಂಗಡಿ ಬೋರ್ಡು ನೋಡಿದರೂ ಅದು ಇವನ ಕೈಯಿಂದಲೇ ಬಂದದ್ದಾಗಿರುತ್ತಿತ್ತು. ಲಾರಿಗಳ ಹಿಂದಿನ ಹುಲಿ, ಶಾಲೆ ಗೋಡೆಯ ಭಾರತದ ಭೂಪಟ, ನಾಟಕದ ಪರದೆ, ಎಲೆಕ್ಷನ್ ಬಂದಾಗ ಎಲ್ಲಾ ಪಕ್ಷದ ಚಿಹ್ನೆ, ಎಲ್ಲವೂ ಇವನದೇ. 'ಶ್ರೀ'ಯ ಬಾಲವನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದ. ಅದನ್ನು ನೋಡುತ್ತಾ ನಿಂತು ನಾನು ಎಷ್ಟೋ ಸಲ ಪ್ರೇಯರ್ ತಪ್ಪಿಸಿಕೊಂಡಿದ್ದೇನೆ. ಅಕ್ಷರಕ್ಕೆ ಒಂದು ಮೈಕಟ್ಟು ಇರುತ್ತದೆ ಅನ್ನೋದು ನನಗೆ ಕಂಪ್ಯೂಟರ್ ಫಾಂಟು ಕಲಿಸಿದ್ದಲ್ಲ, ಇವನು ಕಲಿಸಿದ್ದು. ಆಮೇಲೆ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸವನ್ನು ಮೂರು ನಿಮಿಷದಲ್ಲಿ ಮೆಶೀನು ಉಗುಳತೊಡಗಿತು. ಈಗ ಅಣ್ಣ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾನೆ. ರಾತ್ರಿ ಉಳಿದ ಎನಾಮಲ್ಲಿನಲ್ಲಿ ರಟ್ಟಿನ ಮೇಲೆ ಚಿತ್ರ ಬರೆಯುತ್ತಾನೆ. ಎತ್ತು, ಕೆರೆ ಏರಿ, ಸಂತೆಗೆ ಹೊರಟ ಹೆಂಗಸರು. ಬರೆದದ್ದೆಲ್ಲ ಮಂಚದ ಕೆಳಗೆ ಹೋಗುತ್ತದೆ.

ಅಂಥವನಿಗೆ ನಾನು ಫೋನಿನಲ್ಲಿ ಏನು ಹೇಳಿದೆ ಗೊತ್ತಾ? "ಸೇರ್ಕೋ ಅಣ್ಣ. ನೆಟ್‌ವರ್ಕಿಂಗ್ ಆಗುತ್ತೆ, ಒಳ್ಳೆ ಎಕ್ಸ್‌ಪೋಶರ್ ಸಿಗುತ್ತೆ."

ಆ ಕಡೆಯಿಂದ ಒಂದು ನಿಮಿಷ ಸದ್ದಿಲ್ಲ. ಆಮೇಲೆ ಕೇಳಿದ: "ಎಕ್ಸ್‌ಪೋಶರ್ ಅಂದ್ರೆ ಬಿಸಿಲಿಗೆ ಇಡೋದಾ? ಬಣ್ಣ ಹೋಗಲ್ವಾ?"

ನನ್ನ ಆಫೀಸಿನ ಭಾಷೆ ಅಲ್ಲಿಗೆ ಕೈಕೊಟ್ಟಿತು. "ಎರಡು ದಿನ ಬಿಟ್ಟು ಹೇಳ್ತೀನಿ" ಅಂದೆ. ಎರಡು ದಿನ ಎರಡು ತಿಂಗಳಾಯಿತು. ಆ ಎರಡು ತಿಂಗಳಲ್ಲಿ ಯೋಚಿಸಿದ್ದು ಈ ಬರಹ.

ಸಂಘ ಅಂದರೆ ಏನು ಅಂತ ನನಗೆ ಮೊದಲು ಗೊತ್ತಾದದ್ದು ಹಾಲಿನ ಡೈರಿಯಿಂದ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಕ್ಯೂ. ಡೈರಿ ಬರೋಕೆ ಮುಂಚೆ ಹೇಗಿತ್ತು ಅಂತ ಅಜ್ಜಿ ಹೇಳುತ್ತಿದ್ದಳು: ಸೈಕಲ್ಲಿನಲ್ಲಿ ಬರುವ ಹಾಲಿನವನು ಹೇಳಿದ್ದೇ ರೇಟು, ಅವನು ಅಳೆದದ್ದೇ ಲೀಟರು. ಡೈರಿ ಬಂದಮೇಲೆ ಹಾಲಿಗೆ ಫ್ಯಾಟು ನೋಡಿದರು, ಲ್ಯಾಕ್ಟೋಮೀಟರು ಇಳಿಸಿದರು, ಪಾಸ್‌ಬುಕ್ಕಿನಲ್ಲಿ ಬರೆದರು. ನಮ್ಮ ಒಂದು ಹಸುವಿನ ಹಾಲಿಗೂ ಗೌಡರ ಹತ್ತು ಹಸುವಿನ ಹಾಲಿಗೂ ಒಂದೇ ಅಳತೆ. ಹಸುವಿಗೆ ಜ್ವರ ಬಂದರೆ ಡಾಕ್ಟರು ಬರುತ್ತಿದ್ದರು. ವರ್ಷದ ಕೊನೆಗೆ ಬೋನಸ್ಸು. ಒಬ್ಬೊಬ್ಬರೇ ಇದ್ದಾಗ ಹಾಲಿನವನ ಮುಂದೆ ಬಾಯಿ ಬಿಡದವರು ಒಟ್ಟಾದ ಮೇಲೆ ಜನರಲ್ ಬಾಡಿಯಲ್ಲಿ ಸೆಕ್ರೆಟರಿಯನ್ನೇ ಎಬ್ಬಿಸಿ ಲೆಕ್ಕ ಕೇಳುತ್ತಿದ್ದರು.

ಅಣ್ಣನ ಪ್ರಶ್ನೆ ಹುಟ್ಟಿದ್ದೂ ಇಲ್ಲಿಂದಲೇ. ಲಾಭ ಅಂದರೆ ಅವನ ಮನಸ್ಸಿನಲ್ಲಿರುವುದು ಡೈರಿಯ ಪಾಸ್‌ಬುಕ್ಕು. ಆದರೆ ಚಿತ್ರಕ್ಕೆ ಲ್ಯಾಕ್ಟೋಮೀಟರ್ ಇಲ್ಲ. ಈ ಎತ್ತಿನ ಚಿತ್ರದಲ್ಲಿ ಶೇಕಡ ನಾಲ್ಕು ಫ್ಯಾಟಿದೆ, ಇಷ್ಟು ರೂಪಾಯಿ ತಗೋ ಅಂತ ಯಾವ ಸಂಘವೂ ಹೇಳಲಾರದು. ದಿನಾ ಬೆಳಿಗ್ಗೆ ಬಂದು ಚಿತ್ರ ಕೊಂಡುಹೋಗುವ ಟ್ಯಾಂಕರ್ರೂ ಇಲ್ಲ. "ನಮ್ಮ ಸಂಘ ಸೇರಿ, ನಿಮ್ಮ ಚಿತ್ರಗಳಿಗೆ ಮಾರುಕಟ್ಟೆ" ಅಂತ ಯಾರಾದರೂ ಕರಪತ್ರ ಹಂಚಿದರೆ ಆ ಮಾತನ್ನು ಅರ್ಧಕ್ಕರ್ಧ ಕಳೆದು ಓದಬೇಕು. ಡೈರಿ ಕೊಡುವ ಅಳತೆ ಮತ್ತು ರೇಟು ಕಲಾವಿದರ ಸಂಘದಿಂದ ಸಿಗೋದಿಲ್ಲ. ಹಾಗಾದ್ರೆ ಏನು ಸಿಗುತ್ತೆ?

ಇದಕ್ಕೆ ಉತ್ತರದ ಒಂದು ತುದಿ ನನಗೆ ಸಿಕ್ಕಿದ್ದು ಚೆನ್ನೈನಲ್ಲಿ. ಆಫೀಸಿನ ಕೆಲಸಕ್ಕೆ ಹೋದವನು ಭಾನುವಾರ ಖಾಲಿಯಿತ್ತು ಅಂತ ಮಹಾಬಲಿಪುರದ ದಾರಿಯಲ್ಲಿರುವ ಚೋಳಮಂಡಲಕ್ಕೆ ಹೋದೆ. ಈಂಜಂಬಾಕ್ಕಂನಲ್ಲಿ, ಸಮುದ್ರದ ಪಕ್ಕ, ಕಲಾವಿದರೇ ಕಟ್ಟಿಕೊಂಡ ಊರು ಅದು. 1966ರಲ್ಲಿ ಶುರುವಾಯಿತು. ಕಟ್ಟಿಸಿದವರು ಕೆ.ಸಿ.ಎಸ್. ಪಣಿಕ್ಕರ್, ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದವರು. ಅವರಿಗೆ ಕಂಡ ಸಮಸ್ಯೆ ನಮ್ಮ ಅಣ್ಣನದೇ. ಹುಡುಗರು ವರ್ಷಗಟ್ಟಲೆ ಚಿತ್ರ ಕಲಿಯುತ್ತಾರೆ, ಹೊರಗೆ ಬಂದರೆ ಆಧುನಿಕ ಚಿತ್ರ ಕೊಳ್ಳುವವರು ಮದ್ರಾಸಿನಲ್ಲಿ ಇಲ್ಲ, ಹೊಟ್ಟೆಪಾಡಿಗೆ ಯಾವುದೋ ಕೆಲಸ ಹಿಡಿಯುತ್ತಾರೆ, ಅಲ್ಲಿಗೆ ಚಿತ್ರ ಮುಗಿಯಿತು.

ಪಣಿಕ್ಕರ್ ಮತ್ತು ಅವರ ಶಿಷ್ಯರು ಮಾಡಿದ ಉಪಾಯ ಬಹಳ ಸರಳ. ಚಿತ್ರ ಮಾರಾಟವಾಗದಿದ್ದರೆ ಬೇಡ, ಕೈಕೆಲಸ ಮಾರೋಣ. ಬಾಟಿಕ್ ಬಟ್ಟೆ ಮಾಡಿದರು, ಚರ್ಮದ ಕೆಲಸ, ಲೋಹದ ಕೆಲಸ ಮಾಡಿದರು. ಕುಶಲಕಲೆಯ ಸಂಘ ಒಂದನ್ನು ಕಟ್ಟಿ ಅದರ ಮೂಲಕ ಮಾರಿದರು. ಬಂದ ಹಣದಲ್ಲಿ ಜಮೀನು ಕೊಂಡರು, ಮನೆ ಕಟ್ಟಿಕೊಂಡರು. ದಿನದ ಒಂದಷ್ಟು ಹೊತ್ತು ಹೊಟ್ಟೆಗೆ, ಉಳಿದದ್ದು ಚಿತ್ರಕ್ಕೆ. ಒಬ್ಬೊಬ್ಬರಿಗೂ ಒಂದು ಮನೆ, ಎಲ್ಲರಿಗೂ ಸೇರಿ ಗ್ಯಾಲರಿ, ಕೆಲಸದ ಶೆಡ್ಡು, ಬಯಲು ರಂಗಮಂದಿರ.

ನನಗೆ ತಾಗಿದ್ದು ಬರೀ ಈ ಅರ್ಥಶಾಸ್ತ್ರವಲ್ಲ. ಹೊಟ್ಟೆಪಾಡಿಗೆ ಅಂತ ಮಾಡಿದ ಕೈಕೆಲಸ ಮೆಲ್ಲಗೆ ಅವರ ಕಲೆಯ ಒಳಕ್ಕೇ ಬಂತು. ಪಿ.ವಿ. ಜಾನಕಿರಾಂ ಲೋಹದ ತಗಡನ್ನು ಬಡಿದು ಶಿಲ್ಪ ಮಾಡಿದರು. ಪಣಿಕ್ಕರ್ ಅವರ ಮಗ ಎಸ್. ನಂದಗೋಪಾಲ್ ಲೋಹದಲ್ಲೇ ಬೆಳೆದರು. ನಮ್ಮ ಮೈಸೂರಿನಲ್ಲಿ ಹುಟ್ಟಿ ಮದ್ರಾಸಿಗೆ ಕಲಿಯಲು ಹೋದ ಎಸ್.ಜಿ. ವಾಸುದೇವ್ ಈ ಊರು ಕಟ್ಟಿದವರಲ್ಲಿ ಒಬ್ಬರು, ತಾಮ್ರದ ತಗಡಿನ ಮೇಲೆ ಉಬ್ಬುಚಿತ್ರ ಮಾಡಿದವರು. ಅನ್ನದ ಕೆಲಸ ಬೇರೆ, ಆತ್ಮದ ಕೆಲಸ ಬೇರೆ ಅಂತ ನಾವು ಗೋಡೆ ಹಾಕಿಕೊಂಡು ಕೂತಿರುತ್ತೇವೆ. ಆ ಗೋಡೆಯನ್ನು ಅವರು ಒಟ್ಟಾಗಿ ಇದ್ದುದರಿಂದ ತೆಗೆಯೋಕಾಯ್ತು. ಪಕ್ಕದ ಶೆಡ್ಡಿನಲ್ಲಿ ಒಬ್ಬ ತಗಡು ಬಡಿಯುತ್ತಿದ್ದರೆ ಇವನಿಗೂ ಬಡಿದು ನೋಡೋಣ ಅನಿಸುತ್ತದೆ. ಒಬ್ಬನೇ ಕೂತವನಿಗೆ ಆ ಸದ್ದೇ ಕೇಳೋದಿಲ್ಲ.

ಇನ್ನೊಂದು ವಿಷಯ ನಮಗೆ ಕನ್ನಡಿಗರಿಗೆ ಸಂಬಂಧಿಸಿದ್ದು. 1970ರ 'ಸಂಸ್ಕಾರ' ಸಿನಿಮಾಕ್ಕೆ ಕಲಾ ನಿರ್ದೇಶಕರು ಇದೇ ವಾಸುದೇವ್. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ, ಗಿರೀಶ ಕಾರ್ನಾಡ್ ಇವರೆಲ್ಲ ಆಗ 'ಮದ್ರಾಸ್ ಪ್ಲೇಯರ್ಸ್' ಅನ್ನುವ ಹವ್ಯಾಸಿ ನಾಟಕ ತಂಡದ ನಂಟಿನವರು. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರದ ಬೇರು ಹುಡುಕುತ್ತಾ ಹೋದರೆ ಒಂದು ನಾಟಕದ ತಂಡ, ಒಂದು ಕಲಾವಿದರ ಊರು ಸಿಗುತ್ತವೆ, ಅದೂ ಮದ್ರಾಸಿನಲ್ಲಿ. ಸಂಜೆ ಹೊತ್ತು ಸೇರುವ ಜನ ಇವರು. ಯಾರೂ 'ನೆಟ್‌ವರ್ಕಿಂಗ್'ಗೆ ಅಂತ ಸೇರಿದವರಲ್ಲ. ಒಂದು ಕೆಲಸ ಹುಟ್ಟಿದಾಗ ಅದಕ್ಕೆ ಬೇಕಾದ ಕೈಗಳು ಪಕ್ಕದಲ್ಲೇ ಇದ್ದವು, ಅಷ್ಟೆ. ನನ್ನ ಆಫೀಸಿನ ಪದಕ್ಕೂ ಇದಕ್ಕೂ ಇರುವ ಅಂತರ ಇಷ್ಟು: ಅಲ್ಲಿ ನಾವು ಮೊದಲು ವಿಸಿಟಿಂಗ್ ಕಾರ್ಡು ಕೊಡುತ್ತೇವೆ, ಆಮೇಲೆ ಕೆಲಸ ಹುಡುಕುತ್ತೇವೆ.

ಹಾಗಂತ ಚೋಳಮಂಡಲವನ್ನು ಸ್ವರ್ಗ ಮಾಡಿ ಹೇಳಬಾರದು. ನೋಡಿ ಬಂದ ಮೇಲೆ ನನಗೆ ಕೆಲವು ತಕರಾರುಗಳೂ ಇವೆ. ಒಂದು, ಸಂಘವನ್ನು ಮನೆ ಮತ್ತು ಜಮೀನಿಗೆ ಕಟ್ಟಿಹಾಕಿದರೆ ಮೊದಲ ತಲೆಮಾರಿಗೆ ಅದು ಆಸರೆ, ಮುಂದಿನವರಿಗೆ ಅದು ಆಸ್ತಿ. ಮಗ ಮನೆಗೆ ವಾರಸುದಾರನಾಗಬಹುದು, ಕುಂಚಕ್ಕಲ್ಲ. ಎರಡು, ಆ ಕಾಲಕ್ಕೆ ಸವಕಳು ಮರಳಾಗಿದ್ದ ಜಾಗ ಇವತ್ತು ಈಸ್ಟ್ ಕೋಸ್ಟ್ ರೋಡು. ಬಾಟಿಕ್ ಮಾರಿ ಅಲ್ಲಿ ಇವತ್ತು ಒಂದು ಕಾರು ನಿಲ್ಲಿಸುವಷ್ಟು ಜಾಗವೂ ಸಿಗೋದಿಲ್ಲ. ಆ ಮಾದರಿಯನ್ನು ಹಾಗ್ಹಾಗೇ ನಕಲು ಮಾಡೋಕಾಗಲ್ಲ. ಮೂರು, ಇದು ಗುರು ಮತ್ತು ಶಿಷ್ಯರು ಸೇರಿ ಕಟ್ಟಿದ ಊರು. ಮೇಷ್ಟ್ರು ಸಂಘದ ಹಿರಿಯರೂ ಆಗಿದ್ದಾಗ ಶಿಷ್ಯ ಅವರ ಗೆರೆ ದಾಟೋದು ಸುಲಭವಲ್ಲ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಒಂದರ ಪಕ್ಕ ಒಂದು ಚಿತ್ರ ನೋಡುತ್ತಾ ಹೋದರೆ ಒಂದೇ ಮನೆಯವರ ಮುಖದ ಹಾಗೆ ಎಲ್ಲೋ ಹೋಲಿಕೆ ಕಾಣುತ್ತದೆ. ಗೆರೆಯ ಮೇಲೆ ಅದೇ ಪ್ರೀತಿ, ಲಿಪಿಯಂಥ ಗುರುತುಗಳ ಮೇಲೆ ಅದೇ ಮೋಹ. ಅದನ್ನು 'ಮದ್ರಾಸ್ ಶೈಲಿ' ಅಂತ ಹೊಗಳಬಹುದು. ಜೊತೆಗೆ ಬದುಕಿದ್ದಕ್ಕೆ ತೆತ್ತ ಬೆಲೆ ಅಂತಲೂ ಹೇಳಬಹುದು. ಎರಡೂ ನಿಜ. ವಾಸುದೇವ್ 1988ರಲ್ಲಿ ಬೆಂಗಳೂರಿಗೆ ಬಂದರು, ಇಲ್ಲೂ ಅವರ ಕೆಲಸ ಬೆಳೆಯಿತು. ಒಳಗೆ ಬರಲು ಇರುವಷ್ಟೇ ಅಗಲದ ಬಾಗಿಲು ಹೊರಗೆ ಹೋಗಲೂ ಇರಬೇಕು ಅಂತ ನಾನು ಇದರಿಂದ ಗುರುತು ಹಾಕಿಕೊಂಡೆ.

ಈ ಕೊನೆಯ ಮಾತಿಗೆ ಮುಂಬಯಿಯ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪು ಇನ್ನೂ ಒಳ್ಳೆ ಸಾಕ್ಷಿ. 1947ರಲ್ಲಿ ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಅಂತ ಆರು ಜನ ಸೇರಿದರು. 1949ಕ್ಕೆ ಸೋಜಾ ಲಂಡನ್ನಿಗೆ, 1950ಕ್ಕೆ ರಜಾ ಪ್ಯಾರಿಸ್ಸಿಗೆ. 1956ರ ಹೊತ್ತಿಗೆ ಗುಂಪೇ ಇಲ್ಲ. ಹತ್ತು ವರ್ಷವೂ ಬಾಳದ ಸಂಘ. ನಮ್ಮ ಕಡೆ ಆಗಿದ್ರೆ 'ಒಗ್ಗಟ್ಟಿಲ್ಲ ನೋಡಿ' ಅಂತ ನಗುತ್ತಿದ್ದರು. ಆದರೆ ಅದು ಮಾಡಬೇಕಾದ ಕೆಲಸ ಮಾಡಿ ಮುಗಿದಿತ್ತು. ಆ ಆರು ಜನರಲ್ಲಿ ಹುಸೇನ್ ಸಿನಿಮಾ ಹೋರ್ಡಿಂಗು ಬರೆದು ಬದುಕಿದವರು. ಆರಾ ಮನೆಗೆಲಸ ಮಾಡಿ, ಕಾರು ತೊಳೆದು ಬೆಳೆದವರು. ರಜಾ, ಗಾಡೆ ಮಧ್ಯ ಪ್ರಾಂತದ ಕಡೆಯಿಂದ ಬಂದವರು. ಸೋಜಾ ಗೋವಾದ ಕ್ರೈಸ್ತ. ಇವರನ್ನು ಬೇರೆ ಯಾವ ಪಂಕ್ತಿಯಲ್ಲೂ ಒಟ್ಟಿಗೆ ಕೂರಿಸುತ್ತಿರಲಿಲ್ಲ. ಹೋರ್ಡಿಂಗು ಬರೆಯುವವನನ್ನು 'ನೀನೂ ಚಿತ್ರಕಾರ, ಬಾ' ಅಂತ ಕರೆದದ್ದೇ ಆ ಗುಂಪಿನ ದೊಡ್ಡ ಕೆಲಸ ಅಂತ ನನಗನಿಸುತ್ತದೆ. ಈ ಸಾಲು ಬರೆಯುವಾಗ ನನ್ನ ತಲೆಯಲ್ಲಿ ನಮ್ಮೂರಿನ ಅಣ್ಣ ಇದ್ದ ಅಂತ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎದುರುವಾದ ಬರುತ್ತದೆ, ಅದು ಗಟ್ಟಿಯಾದದ್ದು. ಚಿತ್ರ ಬರೆಯೋದು ಒಂಟಿ ಕೆಲಸ. ಸಂಘದಲ್ಲಿ ಕೂತು ಯಾರೂ ಚಿತ್ರ ಬರೆಯೋಕಾಗಲ್ಲ. ಇದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಕೆ. ವೆಂಕಟಪ್ಪ. 1886ರಲ್ಲಿ ಹುಟ್ಟಿದವರು. ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದವರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಮದುವೆಯಾಗಲಿಲ್ಲ, ಹೆಚ್ಚು ಜನರನ್ನು ಹತ್ತಿರ ಸೇರಿಸಲಿಲ್ಲ, ತಪಸ್ಸಿನ ಹಾಗೆ ಬದುಕಿ 1965ರಲ್ಲಿ ತೀರಿಕೊಂಡರು. ಇಂಥವರಿಗೆ ಯಾವ ಸಂಘ ಏನು ಕೊಡಬಹುದಿತ್ತು? ಬದುಕಿದ್ದಾಗ ಬಹುಶಃ ಏನೂ ಇಲ್ಲ ಅಂತ ಒಪ್ಪಿಕೊಳ್ಳುತ್ತೇನೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರ ಹೆಸರಿನಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಮ್ಯೂಸಿಯಂ ಪಕ್ಕ, ಸರ್ಕಾರ ಒಂದು ಗ್ಯಾಲರಿ ಕಟ್ಟಿಸಿತು. ಅವರ ಚಿತ್ರಗಳು ಅಲ್ಲಿವೆ. ಹೆಸರಿಲ್ಲದ ಹುಡುಗ ಹುಡುಗಿಯರೂ ಕಡಿಮೆ ಬಾಡಿಗೆಗೆ ತಮ್ಮ ಮೊದಲ ಪ್ರದರ್ಶನ ಮಾಡುವ ಜಾಗ ಅದು. 2015ರಲ್ಲಿ ಆ ಗ್ಯಾಲರಿಯನ್ನು ದತ್ತು ಯೋಜನೆಯಡಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದವಾಯಿತು. 2016ರಲ್ಲಿ ಕಲಾವಿದರು ವೇದಿಕೆ ಕಟ್ಟಿಕೊಂಡು ಗ್ಯಾಲರಿಯ ಮುಂದೆ ಬಂದು ನಿಂತರು. ಹಾಡಿದರು, ಬರೆದರು, ಇದು ಸಾರ್ವಜನಿಕರ ಜಾಗ ಅಂತ ಹಠ ಹಿಡಿದರು. ಕೊನೆಗೆ ಆ ಯೋಜನೆ ನಿಂತಿತು. ಖಾಸಗಿಯವರಿಗೆ ಕೊಟ್ಟಿದ್ದರೆ ಕಟ್ಟಡ ಚೆನ್ನಾಗಿರುತ್ತಿತ್ತು ಅನ್ನುವವರೂ ಇದ್ದಾರೆ. ಸರ್ಕಾರಿ ಗ್ಯಾಲರಿಗಳ ಸ್ಥಿತಿ ಕಂಡವರು ಹಾಗನ್ನೋದರಲ್ಲಿ ಅರ್ಥವಿಲ್ಲ ಅಂತ ನಾನು ಹೇಳಲ್ಲ. ಆದರೆ ಬಾಡಿಗೆ ಎಷ್ಟಿರಬೇಕು, ಯಾರ ಚಿತ್ರ ಗೋಡೆಗೆ ಏರಬೇಕು ಅನ್ನೋದನ್ನು ಯಾರು ತೀರ್ಮಾನಿಸಬೇಕು ಅನ್ನುವ ಪ್ರಶ್ನೆಯನ್ನು ಒಬ್ಬೊಬ್ಬರೇ ಕೇಳಿದ್ದರೆ ಯಾವ ಆಫೀಸಿನ ಗುಮಾಸ್ತನೂ ತಲೆ ಎತ್ತುತ್ತಿರಲಿಲ್ಲ. ಬದುಕಿಡೀ ಒಂಟಿಯಾಗಿದ್ದವರ ಹೆಸರಿನ ಗೋಡೆಯನ್ನು ಉಳಿಸೋಕೆ ಒಂದು ಗುಂಪೇ ಬೇಕಾಯಿತು. ಚಿತ್ರ ಒಂಟಿಯಾಗಿ ಹುಟ್ಟುತ್ತದೆ, ಸರಿ. ಅದನ್ನು ನೇತುಹಾಕುವ ಗೋಡೆ ಒಂಟಿಯಾಗಿ ಉಳಿಯೋದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಊರು, ತಾಲ್ಲೂಕುಗಳ ಸಂಘಗಳ ಬಗ್ಗೆ ಸುಮ್ಮನಿರೋಕೆ ಆಗಲ್ಲ. ನಾನು ನೋಡಿದ ಹಲವು ಸಂಘಗಳಿಗೆ ಒಂದೇ ಕಾರ್ಯಕ್ರಮ ಗೊತ್ತು, ಅದು ಸನ್ಮಾನ. ಒಂದು ಶಾಲು, ಒಂದು ಪೇಟ, ಒಂದು ಹಣ್ಣಿನ ಬುಟ್ಟಿ, ಫ್ಲೆಕ್ಸಿನ ಬ್ಯಾಕ್‌ಡ್ರಾಪು. (ಚಿತ್ರಕಲಾವಿದರ ಸಂಘದ ಸಮಾರಂಭಕ್ಕೂ ಫ್ಲೆಕ್ಸು! ಅಣ್ಣ ಇದನ್ನು ನೋಡಿದರೆ ಏನನ್ನುತ್ತಾನೋ.) ವೇದಿಕೆಯ ಮೇಲೆ ಹನ್ನೆರಡು ಜನ, ಕೆಳಗೆ ಒಂಬತ್ತು ಜನ. ಭಾಷಣ ಎರಡು ಗಂಟೆ. ಚಿತ್ರಗಳನ್ನು ಪಕ್ಕದ ಕಾರಿಡಾರಿನಲ್ಲಿ ಸೈಕಲ್ ಸ್ಟ್ಯಾಂಡಿನ ಎದುರಿಗೆ ಒರಗಿಸಿರುತ್ತಾರೆ, ಉದ್ಘಾಟಕರು ಅದರ ಮುಂದೆ ನಡೆದು ಹೋಗುವುದಕ್ಕೆ ನಾಲ್ಕು ನಿಮಿಷ. ಈ ವರ್ಷ ನೀವು ನಮಗೆ ಶಾಲು ಹಾಕಿ, ಮುಂದಿನ ವರ್ಷ ನಾವು ನಿಮಗೆ.

ನಮ್ಮ ಸಾಫ್ಟ್‌ವೇರಿನಲ್ಲಿ ಕೋಡ್ ರಿವ್ಯೂ ಅಂತ ಇದೆ. ನಾನು ಬರೆದ ಕೋಡನ್ನು ಸೇರಿಸೋಕೆ ಮುಂಚೆ ಇನ್ನೊಬ್ಬರು ಓದಿ ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ನೂರು ಸಾಲಿಗೆ ಮೂವತ್ತು ತಪ್ಪು ಬರೆದ ಹಿರಿಯರೊಬ್ಬರು ಇದ್ದರು, ಆಗ ಅವರ ಮೇಲೆ ಸಿಟ್ಟು. ಇವತ್ತು ನನಗೆ ಏನಾದರೂ ಬರುತ್ತದೆ ಅಂದರೆ ಅದು ಆ ಮೂವತ್ತು ತಪ್ಪಿನಿಂದ. ಆದರೆ ರಿವ್ಯೂ ಅನ್ನೋದು ಕಾಟಾಚಾರವಾದಾಗ ಜನ ಓದದೇನೇ 'ಎಲ್‌ಜಿಟಿಎಂ' ಅಂತ ನಾಲ್ಕಕ್ಷರ ಹಾಕಿ ದಾಟಿಸುತ್ತಾರೆ, 'ನನಗೆ ಸರಿ ಕಾಣುತ್ತೆ' ಅಂತ ಅದರ ಅರ್ಥ. ಕೋಡು ರಾತ್ರಿ ಎರಡು ಗಂಟೆಗೆ ಬಿದ್ದುಹೋಗುವುದು ಇಂಥ ಸರಿ ಕಂಡವುಗಳಿಂದಲೇ. ಸನ್ಮಾನದ ಸಂಘಗಳು ಶಾಲು ಹೊದ್ದ ಎಲ್‌ಜಿಟಿಎಂಗಳು. ಅಲ್ಲಿ ಹೊಗಳಿಕೆ ಸಿಗುತ್ತದೆ, ಕಣ್ಣು ಸಿಗೋದಿಲ್ಲ.

ಹೀಗೆ ಕಳೆದು ಕೂಡಿಸಿ ನೋಡಿದರೆ ಸಂಘ ಸೇರುವುದರ ಲಾಭ ನನಗೆ ಮೂರೇ ಕಾಣುತ್ತವೆ. ಮೊದಲನೆಯದು ಖರ್ಚಿನ ಹಂಚಿಕೆ. ಫ್ರೇಮು, ಹಾಲಿನ ಬಾಡಿಗೆ, ಬಣ್ಣದ ಸಗಟು ಖರೀದಿ, ಚಿತ್ರಗಳನ್ನು ಸಾಗಿಸುವ ಟೆಂಪೊ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಮಾಡುವ ಚಿತ್ರಸಂತೆಗೆ ಊರಿಂದ ಒಬ್ಬನೇ ಹತ್ತು ಚಿತ್ರ ಹೊತ್ತು ಬರೋದಕ್ಕೂ ಆರು ಜನ ಒಂದು ಗಾಡಿ ಮಾಡಿಕೊಂಡು ಬರೋದಕ್ಕೂ ವ್ಯತ್ಯಾಸ ಇದೆ. ಎರಡನೆಯದು ಇನ್ನೊಂದು ಜೊತೆ ಕಣ್ಣು, ಹೊಗಳದೆ ನೋಡುವ ಕಣ್ಣು. ಮೂರನೆಯದು ಒಟ್ಟಾಗಿ ಕೇಳುವ ದನಿ, ಅದು ಗ್ಯಾಲರಿಗೆ ಇರಲಿ, ಶಾಲೆಗೊಬ್ಬ ಡ್ರಾಯಿಂಗ್ ಮೇಷ್ಟ್ರು ಬೇಕು ಅನ್ನುವುದಕ್ಕಿರಲಿ. ಮಾರಾಟ, ಹೆಸರು, ಪ್ರಶಸ್ತಿ ಇವು ಬಂದರೆ ಬರಲಿ. ಅದಕ್ಕಾಗಿ ಸೇರಿದವರು ಎರಡನೇ ವರ್ಷಕ್ಕೆ ಜಗಳವಾಡಿ ಇನ್ನೊಂದು ಸಂಘ ಕಟ್ಟುತ್ತಾರೆ.

ಎರಡು ತಿಂಗಳಾದ ಮೇಲೆ ಅಣ್ಣನಿಗೆ ಫೋನು ಮಾಡಿದೆ. ಲಾಭ ಇದೆಯೋ ಇಲ್ಲವೋ ಅಂತ ನಾನು ಹೇಳಲಾರೆ, ಹೋಗಿ ಮೂರು ಪ್ರಶ್ನೆ ಕೇಳು ಅಂದೆ. ಒಂದು, ಕಳೆದ ವರ್ಷದ ಲೆಕ್ಕಪತ್ರ ತೋರಿಸಿ. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯಿದೆ ಪ್ರಕಾರ ನೋಂದಣಿಯಾದ ಸಂಘಕ್ಕೆ ವರ್ಷಾ ವರ್ಷಾ ಜನರಲ್ ಬಾಡಿ ಇರಬೇಕು, ಲೆಕ್ಕ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ತೋರಿಸೋಕೆ ಮುಜುಗರ ಪಟ್ಟರೆ ಅಲ್ಲಿಂದಲೇ ಬಸ್ಸು ಹತ್ತು. ಎರಡು, ಸನ್ಮಾನ ಬಿಟ್ಟು ತಿಂಗಳಿಗೊಮ್ಮೆಯಾದರೂ ಚಿತ್ರ ಮುಂದಿಟ್ಟುಕೊಂಡು ಮಾತಾಡ್ತೀರಾ? ಮೂರು, ನಾನು ಗೊಬ್ಬರದ ಅಂಗಡಿಯವನು, ಡಿಗ್ರಿ ಇಲ್ಲ, ಎನಾಮಲ್ಲಿನಲ್ಲಿ ಬರೀತೀನಿ. ನನ್ನ ಚಿತ್ರ ಕಾರಿಡಾರಿನಲ್ಲಿ ಇಡ್ತೀರೋ ಒಳಗಡೆ ಇಡ್ತೀರೋ?

"ಡೈರಿ ಸೆಕ್ರೆಟರಿಗೆ ಕೇಳೋ ಪ್ರಶ್ನೆ ಇದ್ದಂಗಿದೆ" ಅಂದ. ಹೌದು ಅಂದೆ.

ಹೋದ. ಲೆಕ್ಕ ಕೇಳಿದ್ದಕ್ಕೆ ಪದಾಧಿಕಾರಿಯೊಬ್ಬರಿಗೆ ಸಿಟ್ಟು ಬಂತಂತೆ, ಆದರೂ ತೋರಿಸಿದರಂತೆ. ಸಾವಿರ ಕಟ್ಟಿ ಸೇರಿದ. ಹೋದ ತಿಂಗಳು ಮೊದಲ ಸಭೆಗೆ ಮೂರು ಚಿತ್ರ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದ. ಆ ರಾತ್ರಿ ಮತ್ತೆ ಒಂಬತ್ತರ ಮೇಲೆ ಫೋನು.

"ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು ಒಬ್ರು ನನ್ನ ಎತ್ತಿನ ಚಿತ್ರ ಬಹಳ ಹೊತ್ತು ನೋಡಿದ್ರು ಕಣೋ. ಆಮೇಲೆ ಅಂದ್ರು, ಹಿಂಗಾಲು ತಪ್ಪಾಗಿದೆ, ಅದು ಹಿಂಗೆ ಮಡಚಲ್ಲ, ನೀನು ಬರೆದಿರೋದು ಕುದುರೆ ಕಾಲು ಅಂತ."

ನನಗೆ ಗಾಬರಿ. ಬೇಜಾರಾಯ್ತಾ ಅಂತ ಕೇಳಿದೆ.

"ಬೇಜಾರೇನು? ಇಪ್ಪತ್ತೈದು ವರ್ಷದಿಂದ ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾನೇ ಹೇಳಿದ್ರು. ಒಬ್ರೂ ಕಾಲು ನೋಡಿರ್ಲಿಲ್ಲ."

ಆ ಎಲ್ಲರಲ್ಲಿ ನಾನೂ ಒಬ್ಬ. ಪ್ರತಿ ಹಬ್ಬಕ್ಕೆ ಊರಿಗೆ ಹೋದಾಗ ಮಂಚದ ಕೆಳಗಿಂದ ಆ ಚಿತ್ರ ತೆಗೆಸಿ, ಮೊಬೈಲಿನಲ್ಲಿ ಫೋಟೊ ಹಿಡಿದು, ಸೂಪರ್ ಅಣ್ಣ ಅಂತ ಬೆನ್ನು ತಟ್ಟಿ ಬಂದವನು ನಾನು. ಎತ್ತಿನ ಜೊತೆಗೇ ಬೆಳೆದಿದ್ದೇನೆ, ಕಾಲು ನನಗೆ ಕಾಣಬೇಕಿತ್ತು. ಕಾಣಲಿಲ್ಲ. ಯಾಕಂದರೆ ನಾನು ಚಿತ್ರ ನೋಡುತ್ತಿರಲಿಲ್ಲ, ಅಣ್ಣನ ಮೇಲಿನ ಕನಿಕರವನ್ನು ನೋಡಿಕೊಳ್ಳುತ್ತಿದ್ದೆ.

ಅವನು ಫೋನಿಡುವ ಅವಸರದಲ್ಲಿದ್ದ. ಬೆಳಿಗ್ಗೆ ಬೇಗ ಎದ್ದು ಪಕ್ಕದ ಮನೆಯವರ ಕೊಟ್ಟಿಗೆಗೆ ಹೋಗಬೇಕಂತೆ, ಎತ್ತು ಹೊಲಕ್ಕೆ ಹೊರಡೋಕೆ ಮುಂಚೆ.